ಇಕ್ಕಳ ಕೊಳ್ಳುವ ಮುನ್ನ ಕೈಯನ್ನು ಕೇಳಿ

ಆಸ್ಪತ್ರೆಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ದೊಡ್ಡ ಯಂತ್ರಗಳ ಸುತ್ತಲೇ ಇರುತ್ತದೆ. ಎಂಆರ್‌ಐ ಬಂತೇ, ಕ್ಯಾಥ್‌ಲ್ಯಾಬ್ ಉದ್ಘಾಟನೆ ಆಯಿತೇ, ಪಕ್ಕದ ಊರಿನವರು ರೋಬೋಟ್ ತರಿಸಿದರಂತೆ, ನಮಗೆ ಯಾವಾಗ? ಮಂತ್ರಿಗಳು ರಿಬ್ಬನ್ ಕತ್ತರಿಸುವ ಫೋಟೋ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಹೊಟ್ಟೆ ತೆರೆದು ಮೇಜಿನ ಮೇಲೆ ಮಲಗಿರುವ ರೋಗಿಯ ರಕ್ತನಾಳವೊಂದು ಚಿಮ್ಮತೊಡಗಿದಾಗ ಆ ಕ್ಷಣವನ್ನು ಕಾಯುವುದು ಕೋಟಿ ಬೆಲೆಯ ಯಂತ್ರವಲ್ಲ, ಅಂಗೈ ಉದ್ದದ ಒಂದು ಇಕ್ಕಳ. ಅದರ ಬೆಲೆ ಕೆಲವು ನೂರು ರೂಪಾಯಿ. ಅದು ಸರಿಯಾಗಿ ಕಚ್ಚಿತೋ ಇಲ್ಲವೋ ಎಂಬುದರ ಮೇಲೆ ಮುಂದಿನ ಐದು ನಿಮಿಷ ನಿಂತಿರುತ್ತದೆ.

ಈ ಇಕ್ಕಳವನ್ನು ಯಾರು ಆರಿಸುತ್ತಾರೆ? ನಮ್ಮ ಬಹುಪಾಲು ಆಸ್ಪತ್ರೆಗಳಲ್ಲಿ ಅದನ್ನು ಹಿಡಿಯುವ ಸರ್ಜನ್ನರೂ ಅಲ್ಲ, ಅದನ್ನು ತೊಳೆದು, ಎಣಿಸಿ, ಕೈಗೆ ಕೊಡುವ ಸಿಸ್ಟರೂ ಅಲ್ಲ. ಇದು ತಪ್ಪು ಎಂಬುದು ನನ್ನ ವಾದ. ಈ ತಪ್ಪಿಗೆ ನಾವು ಒಮ್ಮೆ ದೊಡ್ಡ ಬೆಲೆ ತೆತ್ತಿದ್ದೇವೆ. ಆ ಕಥೆ ಚೆನ್ನೈಯ ನಂದಂಬಾಕ್ಕಂನಲ್ಲಿ ನಡೆದದ್ದು. ಅಲ್ಲಿಗೆ ಹೋಗುವ ಮೊದಲು ಥಿಯೇಟರಿನ ಟ್ರಾಲಿಯ ಮೇಲೆ ಏನೇನಿರುತ್ತದೆ ಎಂದು ಸ್ವಲ್ಪ ನೋಡಿಕೊಂಡು ಬರೋಣ.

ಮೊದಲು ಚಾಕು, ಅಂದರೆ ಸ್ಕಾಲ್‌ಪೆಲ್. ಹಿಡಿಕೆ ಬೇರೆ, ಅಲಗು ಬೇರೆ. ಮೂರನೇ ನಂಬರಿನ ಹಿಡಿಕೆಗೆ 10, 11, 15ನೇ ನಂಬರಿನ ಅಲಗುಗಳು ಕೂರುತ್ತವೆ. ನಾಲ್ಕನೇ ನಂಬರಿನದಕ್ಕೆ 20ರಿಂದ ಮೇಲಿನ ದೊಡ್ಡ ಅಲಗುಗಳು. ಹತ್ತನೆಯದರ ಹೊಟ್ಟೆ ಬಾಗಿರುತ್ತದೆ, ಚರ್ಮದ ಮೇಲೆ ಉದ್ದ ಗೀರಿಗೆ ಅದು. ಹನ್ನೊಂದನೆಯದು ಮೊನಚು, ಕೀವು ತುಂಬಿದ ಬಾವನ್ನು ಚುಚ್ಚಿ ತೆರೆಯಲು. ಹದಿನೈದನೆಯದು ಚಿಕ್ಕದು, ಮುಖದಂಥ ನಾಜೂಕು ಜಾಗಗಳಿಗೆ.

ಆಮೇಲೆ ಕತ್ತರಿಗಳು. ಮೇಯೋ ಕತ್ತರಿ ಗಟ್ಟಿ ಪದರಗಳಿಗೆ, ದಾರ ಕತ್ತರಿಸುವುದಕ್ಕೆ. ಮೆಟ್ಜೆನ್‌ಬಾಮ್ ಕತ್ತರಿಗೆ ಹಿಡಿಕೆ ಉದ್ದ, ಬಾಯಿ ಸಣ್ಣ. ಮೃದು ಅಂಗಾಂಶಗಳನ್ನು ಬಿಡಿಸುವುದಕ್ಕೆ. ಅವಸರದಲ್ಲಿ ಯಾರಾದರೂ ಇದರಿಂದ ದಾರ ಕತ್ತರಿಸಿದರೆ ಹಿರಿಯ ಸಿಸ್ಟರ್ ಮುಖ ಗಂಟಿಕ್ಕುತ್ತಾರೆ. ನಮ್ಮ ಮನೆಗಳಲ್ಲಿ ಬಟ್ಟೆಯ ಕತ್ತರಿಯಿಂದ ಕಾಗದ ಕತ್ತರಿಸಿದ ಮಕ್ಕಳಿಗೆ ಅಜ್ಜಿ ಬೈಯುತ್ತಿದ್ದಂತೆಯೇ.

ಟ್ರಾಲಿಯಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಆರ್ಟರಿ ಫೋರ್ಸೆಪ್ಸ್. ನೋಡಲು ಕತ್ತರಿಯಂತೆ, ಕೆಲಸ ಮಾತ್ರ ತದ್ವಿರುದ್ಧ: ಕತ್ತರಿಸುವುದಲ್ಲ, ಕಚ್ಚಿ ಹಿಡಿಯುವುದು. ಬೆರಳು ಹಾಕುವ ಉಂಗುರಗಳ ಬಳಿ ಸಣ್ಣ ಹಲ್ಲುಗಳ ಕೊಂಡಿ ಇರುತ್ತದೆ. ಒತ್ತಿದರೆ ಟಿಕ್ ಟಿಕ್ ಎಂದು ಕೂತು, ಕೈ ಬಿಟ್ಟರೂ ಹಿಡಿತ ಬಿಡುವುದಿಲ್ಲ. ಸೂಜಿ ಹಿಡಿಯುವ ನೀಡಲ್ ಹೋಲ್ಡರ್ ಇದರ ತಮ್ಮನಂತೆ ಕಾಣುತ್ತದೆ, ಆದರೆ ಬಾಯಿ ಗಿಡ್ಡ, ಹಿಡಿತ ಬಲು ಬಿಗಿ. ಬಾಗಿದ ಸೂಜಿ ಅದರ ಬಾಯಲ್ಲಿ ಕೂದಲೆಳೆಯಷ್ಟೂ ತಿರುಗಬಾರದು. ಆಲಿಸ್ ಫೋರ್ಸೆಪ್ಸಿಗೆ ತುದಿಯಲ್ಲಿ ಹಲ್ಲಿವೆ, ಗಟ್ಟಿ ಪದರ ಹಿಡಿಯಲು. ಬ್ಯಾಬ್‌ಕಾಕ್‌ಗೆ ಹಲ್ಲಿಲ್ಲ, ಕರುಳಿನಂಥ ಮೆತ್ತನೆಯದನ್ನು ಗಾಯ ಮಾಡದೆ ಎತ್ತಲು. ಇನ್ನು ಲ್ಯಾಂಗನ್‌ಬೆಕ್, ಡೀವರ್ ರಿಟ್ರ್ಯಾಕ್ಟರುಗಳು: ಗಾಯದ ಅಂಚನ್ನೋ ಒಳಗಿನ ಅಂಗವನ್ನೋ ಪಕ್ಕಕ್ಕೆ ಸರಿಸಿ ಹಿಡಿಯುವ ಬಾಗಿದ ಪಟ್ಟಿಗಳು. ಅವನ್ನು ಗಂಟೆಗಟ್ಟಲೆ ಹಿಡಿದು ನಿಲ್ಲುವುದೇ ಎಳೆಯ ವೈದ್ಯರ ಮೊದಲ ಪಾಠ.

ಈ ಹೆಸರುಗಳನ್ನು ಗಮನಿಸಿ. ಮೇಯೋ, ಆಲಿಸ್, ಬ್ಯಾಬ್‌ಕಾಕ್, ಲ್ಯಾಂಗನ್‌ಬೆಕ್, ಕೋಖರ್, ಸ್ಪೆನ್ಸರ್ ವೆಲ್ಸ್, ಎಲ್ಲರೂ ಸರ್ಜನ್ನರು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಕೋಖರ್ ಥೈರಾಯ್ಡ್ ಗ್ರಂಥಿಯ ಮೇಲಿನ ಕೆಲಸಕ್ಕೆ 1909ರಲ್ಲಿ ನೊಬೆಲ್ ಪಡೆದವರು. ಅವರ ಹೆಸರಿನ ಇಕ್ಕಳದ ತುದಿಯಲ್ಲಿ ಒಂದಕ್ಕೊಂದು ಸೇರುವ ಹಲ್ಲುಗಳಿವೆ. ಇಂಥವರು ಇದ್ದ ಉಪಕರಣದಿಂದ ತೃಪ್ತರಾಗದೆ, ಇಲ್ಲಿ ಸ್ವಲ್ಪ ಬಾಗಲಿ, ಅಲ್ಲಿ ಹಲ್ಲಿರಲಿ ಎಂದು ಕುಶಲಕರ್ಮಿಗೆ ಹೇಳಿ ಮಾಡಿಸಿಕೊಂಡರು. ಅಂದರೆ ಥಿಯೇಟರಿನ ಟ್ರಾಲಿ ಎಂಬುದು ಬಳಸುವವರು ಮತ್ತು ಮಾಡುವವರು ನೂರೈವತ್ತು ವರ್ಷ ನಡೆಸಿದ ಮಾತುಕತೆಯ ದಾಖಲೆ.

ನಮ್ಮಲ್ಲಿ ಈ ಮಾತುಕತೆ ಇನ್ನೂ ಹಳೆಯದು. ಸುಶ್ರುತ ಸಂಹಿತೆ 101 ಯಂತ್ರಗಳನ್ನೂ 20 ಶಸ್ತ್ರಗಳನ್ನೂ ಹೇಳುತ್ತದೆ. ಯಂತ್ರವೆಂದರೆ ಹಿಡಿಯುವಂಥವು, ಶಸ್ತ್ರವೆಂದರೆ ಕತ್ತರಿಸುವಂಥವು. ಸಿಂಹದ ಬಾಯಿ, ಬಕದ ಕೊಕ್ಕು ಎಂದು ಪ್ರಾಣಿ ಪಕ್ಷಿಗಳ ಹೆಸರು. ಎಲ್ಲರೂ ಹೆಮ್ಮೆಯಿಂದ ಹೇಳುವುದು ಈ ಪಟ್ಟಿಯನ್ನೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಲ್ಲಿಯೇ ಇರುವ ಇನ್ನೊಂದು ಪಟ್ಟಿ: ಯಂತ್ರಗಳ 12 ದೋಷಗಳು. ತೀರಾ ದಪ್ಪ, ತೀರಾ ಉದ್ದ, ತೀರಾ ಗಿಡ್ಡ, ಕಚ್ಚುವುದೇ ಇಲ್ಲ, ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಬಿಡುತ್ತದೆ, ಕೀಲು ಸಡಿಲ, ಲೋಹ ಸತ್ವವಿಲ್ಲದ್ದು, ಹೀಗೆ. ಕೈಯಲ್ಲಿ ಹಿಡಿದು ಬಳಸಿದವರಿಗೆ ಮಾತ್ರ ಹೊಳೆಯುವ ದೋಷಗಳಿವು. ಎಲ್ಲ ಯಂತ್ರಗಳಲ್ಲಿ ಕೈಯೇ ಮುಖ್ಯ ಯಂತ್ರ ಎಂದು ಆ ಗ್ರಂಥ ಹೇಳುವುದೂ ಈ ಅರ್ಥದಲ್ಲಿಯೇ.

ಈಗ ಚೆನ್ನೈ. ಶಸ್ತ್ರಚಿಕಿತ್ಸೆಯ ಮಟ್ಟಿಗೆ ಈ ಊರು ಸಾಮಾನ್ಯದ್ದಲ್ಲ. ಮದ್ರಾಸ್ ಮೆಡಿಕಲ್ ಕಾಲೇಜು ಶುರುವಾದದ್ದು 1835ರಲ್ಲಿ. ಸೆಂಟ್ರಲ್ ಸ್ಟೇಷನ್ನಿನ ಎದುರಿನ ಜನರಲ್ ಆಸ್ಪತ್ರೆಯ ಮುಂದೆ ಇಂದಿಗೂ ನಿಂತಿರುವ ಪ್ರತಿಮೆ ಒಬ್ಬ ಸರ್ಜನ್ನರದು: 1934ರಲ್ಲಿ ತೀರಿಕೊಂಡ ಡಾ. ರಂಗಾಚಾರಿ. 1950ರಲ್ಲಿ ಅದೇ ಆಸ್ಪತ್ರೆಯಲ್ಲಿ ಡಾ. ಬಿ. ರಾಮಮೂರ್ತಿ ನರಶಸ್ತ್ರಚಿಕಿತ್ಸೆಯ ವಿಭಾಗ ಕಟ್ಟಲು ಆರಂಭಿಸಿದರು. 1975ರಲ್ಲಿ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ದೇಶದ ಮೊದಲ ಯಶಸ್ವಿ ಕರೋನರಿ ಬೈಪಾಸ್ ಮಾಡಿದರು. ಕೈಗಳಿಗೇನೂ ಇಲ್ಲಿ ಬರವಿರಲಿಲ್ಲ.

ಇಂಥ ಊರಿಗೆ 1960ರ ದಶಕದಲ್ಲಿ ಕೇಂದ್ರ ಸರ್ಕಾರ ಶಸ್ತ್ರಚಿಕಿತ್ಸಾ ಉಪಕರಣಗಳ ದೊಡ್ಡ ಕಾರ್ಖಾನೆಯನ್ನೇ ತಂದಿತು. 1961ರಲ್ಲಿ ಹುಟ್ಟಿದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್, ಜನರ ಬಾಯಲ್ಲಿ ಐಡಿಪಿಎಲ್, ಸೋವಿಯತ್ ನೆರವಿನಿಂದ ಮೂರು ಕಡೆ ಕಾರ್ಖಾನೆ ಹೂಡಿತು: ಹೃಷಿಕೇಶದಲ್ಲಿ ಆ್ಯಂಟಿಬಯೋಟಿಕ್, ಹೈದರಾಬಾದಿನಲ್ಲಿ ಸಿಂಥೆಟಿಕ್ ಔಷಧ, ಮದ್ರಾಸಿನ ನಂದಂಬಾಕ್ಕಂನಲ್ಲಿ ಶಸ್ತ್ರೋಪಕರಣ. ಉದ್ದೇಶ ಒಳ್ಳೆಯದೇ. ದೇಶ ವಿಭಜನೆಯಾದಾಗ ಉಪಕರಣ ಮಾಡುವ ನಮ್ಮ ದೊಡ್ಡ ಕೇಂದ್ರ ಸಿಯಾಲ್‌ಕೋಟ್ ಗಡಿಯಾಚೆ ಉಳಿದಿತ್ತು. ಕತ್ತರಿ, ಇಕ್ಕಳಕ್ಕೂ ಹೊರದೇಶದ ಮುಖ ನೋಡಬಾರದು ಎಂಬ ಆಸೆ ಸಹಜ.

ಆದರೆ ಯಂತ್ರಗಳ ಜೊತೆ ನಕ್ಷೆಗಳೂ ಸೋವಿಯತ್ ದೇಶದಿಂದಲೇ ಬಂದವು. ವರ್ಷಕ್ಕೆ ಲಕ್ಷಗಟ್ಟಲೆ ಉಪಕರಣ ಮಾಡುವ ಲೆಕ್ಕಾಚಾರವೂ ಕಾಗದದ ಮೇಲೆಯೇ ಆಯಿತು. ನಮ್ಮ ಸರ್ಜನ್ನರ ಕೈ ಪಳಗಿದ್ದು ಬ್ರಿಟಿಷ್ ಮಾದರಿಯ ಉಪಕರಣಗಳಲ್ಲಿ. ಸೋವಿಯತ್ ಮಾದರಿಯವು ಅವರಿಗೆ ಭಾರವೆನಿಸಿದವು, ಒಗ್ಗಲಿಲ್ಲ. ಲೋಹ ಗಟ್ಟಿ, ಕಾರ್ಖಾನೆ ಭವ್ಯ, ಕೆಲಸಗಾರರಿಗೆ ಕೌಶಲವಿತ್ತು. ಕೊಳ್ಳುವವರು ಮಾತ್ರ ಸಾಕಷ್ಟು ಸಿಗಲಿಲ್ಲ. ಮಾದರಿಗಳನ್ನು ತಿದ್ದುವ ಪ್ರಯತ್ನ ನಡೆಯಿತಾದರೂ ಅಂದುಕೊಂಡ ಬೇಡಿಕೆ ಬರಲೇ ಇಲ್ಲ. ಕಾರ್ಖಾನೆ ಕ್ರಮೇಣ ಮಾತ್ರೆ ಮಾಡುವ ಕಡೆ ಹೊರಳಿತು. 1992ರಲ್ಲಿ ಐಡಿಪಿಎಲ್ ರೋಗಗ್ರಸ್ತ ಸಂಸ್ಥೆ ಎಂದು ಘೋಷಣೆಯಾಯಿತು. 2016ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿತು. ಇಂದು ನಂದಂಬಾಕ್ಕಂ ಎಂದರೆ ಜನರಿಗೆ ನೆನಪಾಗುವುದು ವಸ್ತುಪ್ರದರ್ಶನ ನಡೆಯುವ ಟ್ರೇಡ್ ಸೆಂಟರ್.

ಈ ಕಥೆಯನ್ನು ಸಾಮಾನ್ಯವಾಗಿ ಸರ್ಕಾರಿ ಉದ್ದಿಮೆಯ ಸೋಲು ಎಂದು ಹೇಳಿ ಮುಗಿಸುತ್ತಾರೆ. ಖಾಸಗಿಯವರಿಗೆ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಐಡಿಪಿಎಲ್ ಮುಳುಗಿದ್ದಕ್ಕೆ ಕಾರಣ ಹಲವು, ನಿಜ. ಆದರೆ ಉಪಕರಣದ ಕಾರ್ಖಾನೆ ಮೊದಲ ಹೆಜ್ಜೆಯಲ್ಲೇ ಎಡವಿದ್ದು ಮಾಲೀಕ ಯಾರು ಎಂಬ ಪ್ರಶ್ನೆಯಲ್ಲಲ್ಲ. ಜನರಲ್ ಆಸ್ಪತ್ರೆಗೂ ನಂದಂಬಾಕ್ಕಂಗೂ ನಡುವೆ ಹತ್ತು ಹದಿನೈದು ಕಿಲೋಮೀಟರ್ ದೂರ. ನಕ್ಷೆ ಬಂದದ್ದು ಮಾತ್ರ ಸಾವಿರಾರು ಕಿಲೋಮೀಟರ್ ಆಚೆಯಿಂದ.

ಗಡಿಯಾಚೆ ಉಳಿದ ಸಿಯಾಲ್‌ಕೋಟ್ ಇದಕ್ಕೆ ಪೂರ್ತಿ ವಿರುದ್ಧ ಉದಾಹರಣೆ. ಅಲ್ಲಿನ ಕಸುಬು ಶುರುವಾದದ್ದು ಊರಿನ ಮಿಷನ್ ಆಸ್ಪತ್ರೆಯ ಕೆಟ್ಟ ಉಪಕರಣಗಳನ್ನು ಸ್ಥಳೀಯ ಕಮ್ಮಾರರು ರಿಪೇರಿ ಮಾಡಿಕೊಡುವುದರಿಂದ ಎನ್ನುತ್ತಾರೆ. ರಿಪೇರಿಗೆ ಬಂದ ಇಕ್ಕಳ ತಾನು ಎಲ್ಲಿ ಸೋತೆ ಎಂದು ತಾನೇ ಹೇಳುತ್ತದೆ. ಕೀಲು ಸವೆದಿದೆಯೇ, ತುದಿ ಕೂಡುತ್ತಿಲ್ಲವೇ, ಹಲ್ಲು ಮೊಂಡಾಗಿದೆಯೇ? ರಿಪೇರಿ ಮಾಡುತ್ತ ಮಾಡುತ್ತ ಅವರು ಮಾಡುವುದನ್ನೂ ಕಲಿತರು. ಇಂದು ಲೋಕದ ನಾನಾ ದೇಶಗಳ ಥಿಯೇಟರುಗಳಲ್ಲಿ ಅವರ ಉಪಕರಣಗಳಿವೆ. ನಮ್ಮ ಹಳ್ಳಿಯ ಕುಲುಮೆಯೂ ನಡೆಯುತ್ತಿದ್ದದ್ದು ಹೀಗೆಯೇ. ಕುಡುಗೋಲು ಹಣಿಸಲು ಬಂದ ರೈತನ ಕೈ ನೋಡಿಯೇ ಕಮ್ಮಾರನಿಗೆ ಅದನ್ನು ಎಷ್ಟು ಬಾಗಿಸಬೇಕೆಂದು ಗೊತ್ತಾಗುತ್ತಿತ್ತು.

ಹಾಗೆಂದು ಸಿಯಾಲ್‌ಕೋಟಿನ ಎಲ್ಲ ಮಾಲೂ ಚಿನ್ನವಲ್ಲ. ಕೊಳ್ಳುವವರು ಬೆಲೆಯನ್ನಷ್ಟೇ ನೋಡತೊಡಗಿದರೆ ಅಲ್ಲಿಂದಲೂ ಕಳಪೆಯೇ ಬರುತ್ತದೆ. 2011ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಇದನ್ನು ಬಯಲಿಗೆಳೆಯಿತು. ಲಂಡನ್ನಿನ ದೊಡ್ಡ ಆಸ್ಪತ್ರೆ ಸಮೂಹವೊಂದು ಹೊಸ ಉಪಕರಣಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದನ್ನು ವಾಪಸು ಕಳುಹಿಸಬೇಕಾಗಿ ಬಂದಿತ್ತು. ಬ್ರಿಟನ್ನಿನಲ್ಲಿಯೇ ಹೀಗಾದರೆ, ತೆರೆದು ನೋಡದೆ ಸ್ಟೋರಿಗೆ ಹಾಕುವ ಆಸ್ಪತ್ರೆಗಳ ಗತಿಯೇನು?

ನಮ್ಮಲ್ಲೂ ಬಳಸುವವರನ್ನು ಜೊತೆಗಿಟ್ಟುಕೊಂಡು ಗೆದ್ದ ಉದಾಹರಣೆ ಇದೆ. ಅದು ಇಕ್ಕಳವಲ್ಲ, ಹೃದಯದ ಕೃತಕ ಕವಾಟ. ಪಾಠ ಮಾತ್ರ ಇದೇ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಹೃದಯ ಸರ್ಜನ್ ಡಾ. ಎಂ.ಎಸ್. ವಲಿಯತ್ತಾನ್ ಎಂಜಿನಿಯರುಗಳ ಜೊತೆ ಕೂತು ಕವಾಟ ರೂಪಿಸಿದರು. ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ತಯಾರಿಕೆ ವಹಿಸಿಕೊಂಡದ್ದು ಚೆನ್ನೈಯ ಟಿಟಿಕೆ ಸಮೂಹ. ವಿದೇಶಿ ಕವಾಟಕ್ಕಿಂತ ಬಹಳ ಕಡಿಮೆ ಬೆಲೆಯ ಈ ಕವಾಟ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಎದೆ ಸೇರಿದೆ. ಚರಕ, ಸುಶ್ರುತ, ವಾಗ್ಭಟರ ಮೇಲೆ ದೊಡ್ಡ ಪುಸ್ತಕಗಳನ್ನು ಬರೆದವರೂ ಇದೇ ವಲಿಯತ್ತಾನ್. ಮುಂದೆ ಮಣಿಪಾಲದಲ್ಲಿ ಕುಲಪತಿಯಾಗಿ, ಅಲ್ಲಿಯೇ ನೆಲೆಸಿ, 2024ರಲ್ಲಿ ತೀರಿಕೊಂಡರು. ಅವರ ಕವಾಟ ಗೆದ್ದದ್ದು ದೇಶಿ ಎಂಬ ಕಾರಣಕ್ಕಲ್ಲ. ಅದನ್ನು ಹೊಲಿಯಬೇಕಾದ ಕೈಯೇ ಅದನ್ನು ರೂಪಿಸುವ ಮೇಜಿನಲ್ಲೂ ಇತ್ತು, ಮೂರು ಬಾರಿ ಸೋತರೂ ಎದ್ದು ಹೋಗಲಿಲ್ಲ.

ಇವತ್ತಿನ ಮಾತಿಗೆ ಬರೋಣ. ಸರ್ಕಾರಿ ಆಸ್ಪತ್ರೆಗಳ ಖರೀದಿಯಲ್ಲಿ ತಮಿಳುನಾಡು ದೇಶಕ್ಕೇ ಮಾದರಿ. 1994ರಲ್ಲಿ ಹುಟ್ಟಿದ ತಮಿಳುನಾಡು ವೈದ್ಯಕೀಯ ಸೇವಾ ನಿಗಮ ಔಷಧಗಳನ್ನು ಒಟ್ಟಾಗಿ ಕೊಂಡು, ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಉಗ್ರಾಣಗಳಿಂದ ಆಸ್ಪತ್ರೆಗಳಿಗೆ ಹಂಚುವ ಕ್ರಮ ತಂದಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಇದೇ ಬಗೆಯ ನಿಗಮಗಳನ್ನು ಕಟ್ಟಿಕೊಂಡಿವೆ. ಮಾತ್ರೆಯ ಮಟ್ಟಿಗೆ ಇದು ಸರಿಯಾದ ದಾರಿ. ಮಾತ್ರೆಯಲ್ಲಿ ಐದುನೂರು ಮಿಲಿಗ್ರಾಂ ಇದೆಯೋ ಇಲ್ಲವೋ ಎಂದು ಪ್ರಯೋಗಾಲಯ ಹೇಳುತ್ತದೆ, ನುಂಗುವವರನ್ನು ಕೇಳಬೇಕಿಲ್ಲ.

ಇಕ್ಕಳ ಹಾಗಲ್ಲ. “ಆರ್ಟರಿ ಫೋರ್ಸೆಪ್ಸ್, ಬಾಗಿದ್ದು, ಆರು ಇಂಚು, ಸ್ಟೇನ್‌ಲೆಸ್ ಸ್ಟೀಲ್” ಎಂಬ ಟೆಂಡರಿನ ಸಾಲಿಗೆ ಹತ್ತು ವರ್ಷ ಬಾಳುವ ಇಕ್ಕಳವೂ ಹೊಂದುತ್ತದೆ, ಹತ್ತನೇ ಆಟೋಕ್ಲೇವಿಗೆ ಸಡಿಲಾಗುವುದೂ ಹೊಂದುತ್ತದೆ. ಎರಡರಲ್ಲಿ ಅಗ್ಗದ್ದು ಯಾವುದೋ ಅದು ಗೆಲ್ಲುತ್ತದೆ. ನಿಯಮದ ಕಣ್ಣಿಗೂ ಇದು ದೊಡ್ಡ ವಿಷಯವಲ್ಲ. 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಮತ್ತೆ ಮತ್ತೆ ಬಳಸುವ ಸರಳ ಶಸ್ತ್ರೋಪಕರಣಗಳು ಅತಿ ಕಡಿಮೆ ಅಪಾಯದ ಎ ವರ್ಗಕ್ಕೆ ಸೇರುತ್ತವೆ. ಕಾಗದದ ಮೇಲೆ ಅಪಾಯ ಕಡಿಮೆಯಿರಬಹುದು. ಕಚ್ಚಿದ ರಕ್ತನಾಳವನ್ನು ಇಕ್ಕಳ ನಡುವೆ ಬಿಟ್ಟರೆ ಆ ವರ್ಗೀಕರಣ ಯಾರ ಸಹಾಯಕ್ಕೂ ಬರುವುದಿಲ್ಲ.

ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ತೂಕವೂ ಇದೆ. ಪ್ರತಿಯೊಬ್ಬ ಸರ್ಜನ್ನರ ಇಷ್ಟದಂತೆ ಕೊಳ್ಳಲು ಹೊರಟರೆ ಕಂಪನಿಯವರು ಅವರ ಬಾಗಿಲಲ್ಲೇ ಠಿಕಾಣಿ ಹೂಡುತ್ತಾರೆ, ಜರ್ಮನಿಯ ಟುಟ್ಲಿಂಗನ್ ಮಾಲು ಬಿಟ್ಟು ಬೇರೆ ಬೇಡ ಎನ್ನುವವರೂ ಇರುತ್ತಾರೆ, ಸರ್ಕಾರದ ಬೊಕ್ಕಸ ಬರಿದಾಗುತ್ತದೆ. ಟೆಂಡರ್ ಪದ್ಧತಿ ಬಂದದ್ದೇ ಇಂಥದ್ದನ್ನು ತಡೆಯಲು. ಅದನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಬೆಲೆಯ ಲಕೋಟೆ ತೆರೆಯುವ ಮುನ್ನ ಕೈಯ ಪರೀಕ್ಷೆ ಆಗಲಿ ಎನ್ನುತ್ತಿದ್ದೇನೆ. ಬ್ರ್ಯಾಂಡಿನ ಹೆಸರು ಮುಚ್ಚಿದ ನಾಲ್ಕು ಮಾದರಿಗಳನ್ನು ನಾಲ್ಕು ಆಸ್ಪತ್ರೆಗಳ ಥಿಯೇಟರಿಗೆ ಕೊಡಿ. ತೇರ್ಗಡೆಯಾದವುಗಳಲ್ಲಿ ಅಗ್ಗದ್ದನ್ನು ಕೊಳ್ಳಿ.

ಈ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಅನುಭವಿ ಸಿಸ್ಟರುಗಳಿಗೆ ಇದೆಲ್ಲ ಗೊತ್ತು. ಇಕ್ಕಳದ ಬಾಯಿ ಮುಚ್ಚಿ ಬೆಳಕಿಗೆ ಹಿಡಿದರೆ ತುದಿಯಲ್ಲಿ ಬೆಳಕು ತೂರಬಾರದು. ಕೊಂಡಿಯನ್ನು ಮೊದಲ ಹಲ್ಲಿಗೆ ಕೂರಿಸಿ ಮೇಜಿಗೆ ಮೆಲ್ಲಗೆ ತಟ್ಟಿದರೆ ಅದು ತಾನಾಗಿ ಬಿಚ್ಚಿಕೊಳ್ಳಬಾರದು. ಮೇಯೋ ಕತ್ತರಿಯ ತುದಿ ನಾಲ್ಕು ಪದರ ಗಾಜ್ ಬಟ್ಟೆಯನ್ನು, ಮೆಟ್ಜೆನ್‌ಬಾಮ್ ಎರಡು ಪದರವನ್ನು ಎಳೆಯದೆ ಕತ್ತರಿಸಬೇಕು. ಒಂದು ಉಪಕರಣಕ್ಕೆ ಒಂದು ನಿಮಿಷ ಸಾಕು. ಸುಶ್ರುತರ ಹನ್ನೆರಡು ದೋಷಗಳಲ್ಲಿ ಅರ್ಧದಷ್ಟು ಇಲ್ಲೇ ಸಿಕ್ಕಿಬೀಳುತ್ತವೆ. ಹೊಸ ಪೆಟ್ಟಿಗೆ ಬಂದ ದಿನವೂ, ಆಮೇಲೆ ಆರು ತಿಂಗಳಿಗೊಮ್ಮೆಯೂ ಇದು ನಡೆಯಲಿ. ತೇರ್ಗಡೆಯಾಗದ್ದನ್ನು ವಾಪಸು ಕಳುಹಿಸುವ ಅಧಿಕಾರ ಥಿಯೇಟರಿನ ಸಿಸ್ಟರ್‌ಗೆ ಇರಲಿ, ಅವರ ಸಹಿಯಿಲ್ಲದೆ ಬಿಲ್ ಪಾಸಾಗದಿರಲಿ.

ಸಿಸ್ಟರ್ ಯಾಕೆ ಎಂದರೆ, ಉಪಕರಣದ ಪೂರ್ತಿ ಬದುಕು ಕಂಡವರು ಅವರೇ. ಸರ್ಜನ್ನರು ಅದನ್ನು ಕೈಯಲ್ಲಿ ಹಿಡಿಯುವುದು ಕೆಲವು ನಿಮಿಷ. ಅದಕ್ಕೆ ಮೊದಲು ತೊಳೆಯುವುದು, ಕೀಲು ತೆರೆದಿಟ್ಟು ಆಟೋಕ್ಲೇವಿನಲ್ಲಿ 121 ಡಿಗ್ರಿಯ ಹಬೆಗೆ ಕೊಡುವುದು, ಸಾಲಾಗಿ ಜೋಡಿಸುವುದು, ಆಪರೇಷನ್ನಿಗೆ ಮುಂಚೆಯೂ ಹೊಟ್ಟೆ ಮುಚ್ಚುವ ಮುನ್ನವೂ ಎಣಿಸುವುದು ಅವರ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯಲ್ಲೂ ರೋಗಿ ಥಿಯೇಟರ್ ಬಿಡುವ ಮುನ್ನ ಲೆಕ್ಕ ಸರಿಯಿದೆ ಎಂದು ಬಾಯಿಬಿಟ್ಟು ಹೇಳಬೇಕಾದವರು ನರ್ಸ್. ಯಾವ ಲೋಹ ಎಲ್ಲಿ ತುಕ್ಕು ಹಿಡಿಯುತ್ತದೆ ಎಂಬುದೂ ಅವರಿಗೇ ಮೊದಲು ಕಾಣುತ್ತದೆ. ಕತ್ತರಿಯಂಥವಕ್ಕೆ ಬಳಸುವ ಗಡಸು ಸ್ಟೀಲಿನಲ್ಲಿ ಕ್ರೋಮಿಯಂ ಸುಮಾರು ನೂರಕ್ಕೆ ಹದಿಮೂರು ಭಾಗ ಮಾತ್ರ. ಉಪ್ಪಿನಂಶ ಅದಕ್ಕೆ ಶತ್ರು. ಕಡಲತಡಿಯ ಚೆನ್ನೈಯ ಎಷ್ಟೋ ಕಡೆ ಬೋರ್‌ವೆಲ್ ನೀರು ಉಪ್ಪು. ಆ ನೀರಲ್ಲಿ ತೊಳೆದು ಒರೆಸದೆ ಬಿಟ್ಟರೆ ಕೀಲಿನ ಸಂದಿಯಲ್ಲಿ ಚುಕ್ಕಿ ಬೀಳುತ್ತದೆ. ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ಕೂತು ಬರೆದ ಟೆಂಡರಿಗೆ ಈ ನೀರಿನ ರುಚಿ ಹೇಗೆ ಗೊತ್ತಾಗಬೇಕು?

ಕೈಗಳೂ ಬದಲಾಗುತ್ತಿವೆ. ಟ್ರಾಲಿಯ ಮೇಲಿನ ಹೆಸರುಗಳೆಲ್ಲ ಗಂಡಸರವು. ಅಳತೆಗಳೂ ಬಹುತೇಕ ಅವರ ಕೈಗೆ ಹೊಂದಿದವು. ಇಂದು ಮೆಡಿಕಲ್ ಕಾಲೇಜುಗಳ ತುಂಬ ಹೆಣ್ಣುಮಕ್ಕಳು. ಚಿಕ್ಕ ಅಳತೆಯ ಗ್ಲೌಸ್ ಹಾಕುವವರಿಗೆ ಲ್ಯಾಪರೊಸ್ಕೋಪಿಯ ಉಪಕರಣ ಮತ್ತು ಸ್ಟೇಪ್ಲರುಗಳನ್ನು ಹಿಡಿಯುವುದು ಕಷ್ಟವಾಗುತ್ತದೆ ಎಂದು ಅಧ್ಯಯನಗಳು ಹೇಳಿವೆ. ಎಡಗೈಯವರ ಪಾಡು ಇನ್ನೂ ಬೇರೆ: ಬಲಗೈಗೆಂದು ಮಾಡಿದ ಕೊಂಡಿ ಎಡಗೈಯಲ್ಲಿ ಸುಲಭಕ್ಕೆ ಬಿಚ್ಚುವುದಿಲ್ಲ. ನಮ್ಮ ಕೈಗಳಿಗೆ ತಕ್ಕ ಉಪಕರಣವನ್ನು ಬೇರೆ ಯಾರೋ ಮಾಡಿಕೊಡಲಿ ಎಂದು ಕಾಯುವುದಾದರೆ ಸ್ವದೇಶಿ ತಯಾರಿಕೆಯ ಮಾತಿಗೆ ಅರ್ಥವೇನು?

ಇದನ್ನೆಲ್ಲ ಈಗಲೇ ಹೇಳಲು ಕಾರಣವಿದೆ. 2023ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವೈದ್ಯಕೀಯ ಸಾಧನ ನೀತಿ ತಂದಿದೆ. ಕೇಂದ್ರದ ನೆರವಿನ ವೈದ್ಯಕೀಯ ಸಾಧನಗಳ ಪಾರ್ಕುಗಳಲ್ಲಿ ಒಂದು ಚೆನ್ನೈ ಹೊರವಲಯದ ಒರಗಡಂಗೆ ಮಂಜೂರಾಗಿದೆ. ನಂದಂಬಾಕ್ಕಂ ಕಾರ್ಖಾನೆಯ ಆರು ದಶಕಗಳ ನಂತರ ಅದೇ ಊರಿಗೆ ಎರಡನೇ ಅವಕಾಶ. ಜಮೀನು, ತೆರಿಗೆ ವಿನಾಯಿತಿ, ಯಂತ್ರ, ಎಲ್ಲದರ ಚರ್ಚೆ ನಡೆಯುತ್ತದೆ. ಪಾರ್ಕಿನೊಳಗೆ ಒಂದು ರಿಪೇರಿ ಶಾಲೆ ಇರಲಿ, ಸುತ್ತಲಿನ ಆಸ್ಪತ್ರೆಗಳ ಸವೆದ ಕತ್ತರಿ, ಸಡಿಲ ಇಕ್ಕಳಗಳು ಅಲ್ಲಿಗೆ ಬರಲಿ, ಮಾಡುವ ಹುಡುಗರು ತಿಂಗಳಿಗೆ ಒಂದು ದಿನವಾದರೂ ಥಿಯೇಟರಿನಲ್ಲಿ ನಿಂತು ನೋಡಲಿ ಎಂಬುದನ್ನೂ ಆ ಚರ್ಚೆಗೆ ಸೇರಿಸಬೇಕು.

ಈ ಪತ್ರ ಓದುವವರಲ್ಲಿ ಆಸ್ಪತ್ರೆ ಟ್ರಸ್ಟುಗಳಲ್ಲಿ ಕೂರುವವರಿದ್ದೀರಿ, ಊರಿನ ತಾಲ್ಲೂಕು ಆಸ್ಪತ್ರೆಗೆ ಅಪ್ಪ ಅಮ್ಮನ ಹೆಸರಲ್ಲಿ ಉಪಕರಣ ಕೊಡಿಸುವವರಿದ್ದೀರಿ. ಮುಂದಿನ ಸಲ ಚೆಕ್ ಬರೆಯುವ ಮುನ್ನ ಆ ಆಸ್ಪತ್ರೆಯ ಥಿಯೇಟರ್ ಸಿಸ್ಟರನ್ನು ಭೇಟಿಯಾಗಿ, ಯಾವುದು ಕೈಕೊಡುತ್ತಿದೆ ಎಂದು ಕೇಳಿ. ಅವರು ಕೇಳುವುದು ಬಹುಶಃ ಫಲಕ ಹಾಕಿಸುವಂಥ ದೊಡ್ಡ ಯಂತ್ರವಾಗಿರುವುದಿಲ್ಲ. ಇಪ್ಪತ್ತು ಒಳ್ಳೆಯ ಆರ್ಟರಿ ಫೋರ್ಸೆಪ್ಸ್, ಐದು ಕತ್ತರಿ, ಹಿಡಿತ ಬಿಡದ ಎರಡು ನೀಡಲ್ ಹೋಲ್ಡರ್ ಎನ್ನಬಹುದು. ಅದನ್ನೇ ಕೊಡಿಸಿ; ಕೊಂಡದ್ದನ್ನು ಅವರ ಕೈಗೇ ಕೊಟ್ಟು, ಬೆಳಕಿಗೆ ಹಿಡಿದು ನೋಡಿ ಎನ್ನಿ.